ಹಳೆಯ ವಾಹನದ ಕೇಬಲ್: ಬೆಸೆಯುವುದು ಯಾವುದನ್ನು, ಬದಲಿಸುವುದು ಯಾವುದನ್ನು?



ಬೆಳಗಿನ ಹಾಲು ಡೇರಿಗೆ ಮುಟ್ಟಬೇಕಾದ ಹೊತ್ತಿನಲ್ಲಿ ಹಳೆಯ ಮೋಟಾರ್ ಸೈಕಲ್ಲಿನ ಕ್ಲಚ್ ವೈರು ತುಂಡಾದರೆ ಆಗುವ ಪೇಚಾಟ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಪೇಟೆಗೆ ಹೋದರೆ "ಈ ಗಾಡಿಯ ಕೇಬಲ್ ಈಗ ಬರುವುದಿಲ್ಲ, ಗುಜರಿಗೆ ಹಾಕಿ" ಎಂಬ ಉತ್ತರ ಸಿಗುವುದುಂಟು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿ ತಯಾರಾದ ಯೆಜ್ಡಿಗಳು ಇಂದಿಗೂ ಓಡುತ್ತಿವೆ. ತುದಿಯ ಒಂದು ಹಿತ್ತಾಳೆ ಗುಂಡು ಕಳಚಿತೆಂದು ಇಂತಹ ಗಾಡಿಯನ್ನು ಗುಜರಿಗೆ ಹಾಕುವುದು, ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದಂತೆ.

ಹಾಗೆಂದು ಎಲ್ಲ ಕೇಬಲ್ಲುಗಳನ್ನೂ ಬೆಸೆದು ಓಡಿಸಬೇಕೆಂದು ನಾನು ಹೇಳುವುದಿಲ್ಲ. ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್ಲನ್ನು ಸರಿಯಾಗಿ ಬೆಸೆದು ಬಳಸಬಹುದು. ಬ್ರೇಕ್ ಕೇಬಲ್ಲನ್ನು ಎಂದೂ ಬೆಸೆಯಬಾರದು. ಇದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಕಾರಣ ತಿಳಿಯೋಣ. ಕೇಬಲ್ಲೆಂದರೆ ಹೊರಕವಚದೊಳಗೆ ಜಾರುವ, ಅನೇಕ ಉಕ್ಕಿನ ಎಳೆಗಳನ್ನು ಹೊಸೆದ ತಂತಿ. ಇದರ ತುದಿಯಲ್ಲಿರುವ ಗುಂಡನ್ನು ಮೆಕ್ಯಾನಿಕ್ಕುಗಳು ನಿಪ್ಪಲ್ ಎನ್ನುತ್ತಾರೆ. ಹಿಡಿ ಒತ್ತಿದಾಗ ಈ ನಿಪ್ಪಲ್ ತನ್ನ ತೂತಿನಲ್ಲಿ ತಿರುಗಬೇಕು. ಗ್ರೀಸ್ ಒಣಗಿ, ಧೂಳು ಸೇರಿದರೆ ಅದು ತಿರುಗುವುದಿಲ್ಲ. ಪ್ರತಿ ಸಲವೂ ತಂತಿಯೇ ಬಾಗುತ್ತದೆ. ಆದ್ದರಿಂದಲೇ ತಂತಿ ಹೆಚ್ಚಾಗಿ ನಿಪ್ಪಲ್ಲಿನ ಬುಡದಲ್ಲಿ, ಒಂದೊಂದೇ ಎಳೆಯಾಗಿ ಹರಿಯುತ್ತದೆ.

ಬೆಸೆಯುವ ಕ್ರಮ ಹೀಗಿದೆ:

1. ಹರಿದ ಜಾಗದಿಂದ ಸ್ವಲ್ಪ ಹಿಂದೆ ತೆಳುವಾದ ತಾಮ್ರದ ತಂತಿಯನ್ನು ಬಿಗಿಯಾಗಿ ಸುತ್ತಿ, ಹರಿತವಾದ ಉಳಿಯಿಂದ ಹಾಳಾದ ತುದಿಯನ್ನು ಕತ್ತರಿಸಿ. ಎಳೆಗಳು ಬಿಚ್ಚಿಕೊಳ್ಳುವುದಿಲ್ಲ.

2. ತುದಿಯ ಜಿಡ್ಡನ್ನು ಪೆಟ್ರೋಲಿನಿಂದ ತೊಳೆದು ಪೂರ್ತಿ ಒಣಗಿಸಿ. ಈ ಕೆಲಸ ಬೆಂಕಿಯಿಂದ ದೂರವಿರಲಿ.

3. ಹೊರಕವಚ, ರಬ್ಬರ್ ಟೋಪಿ, ಹೊಂದಾಣಿಕೆ ಸ್ಕ್ರೂ ಇವುಗಳನ್ನು ಮೊದಲೇ ತಂತಿಗೆ ಪೋಣಿಸಿಕೊಳ್ಳಿ. ಮರೆತರೆ ಬೆಸುಗೆಯನ್ನು ಬಿಚ್ಚಬೇಕಾಗುತ್ತದೆ.

4. ಒಂದು ಕಡೆ ಬಾಯಿ ಅಗಲವಾಗಿರುವ ಹಿತ್ತಾಳೆ ನಿಪ್ಪಲ್ಲನ್ನು ತೂರಿಸಿ. ಲೇತ್ ಇರುವವರು ಹಳೆಯದರ ಅಳತೆಗೆ ಅದನ್ನು ಮಾಡಿಕೊಡಬಲ್ಲರು. ತಂತಿಯ ತುದಿಯ ಎರಡು-ಮೂರು ಮಿಲಿಮೀಟರನ್ನು ಪೊರಕೆಯಂತೆ ಅರಳಿಸಿ, ಅಗಲ ಬಾಯಿಯೊಳಗೆ ಕೂರುವಂತೆ ಎಳೆಯಿರಿ.

5. ಬೆಸುಗೆ ಪೇಸ್ಟ್ ಹಚ್ಚಿ, ತವರ-ಸೀಸದ ಬೆಸುಗೆಯನ್ನು ಕರಗಿಸಿ ತುಂಬಿ. ಗಾಳಿಯಾಡುವ ಕಡೆ ಈ ಕೆಲಸ ಮಾಡಿ. ಈ ಬೆಸುಗೆ ಸುಮಾರು 190 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುತ್ತದೆ, ಉಕ್ಕಿಗೆ ಹಾನಿಯಿಲ್ಲ. ಗ್ಯಾಸ್ ವೆಲ್ಡಿಂಗ್ ಬೇಡ. ಕೆಂಪಗೆ ಕಾದ ತಂತಿ ತನ್ನ ಗಟ್ಟಿತನ ಕಳೆದುಕೊಂಡು ಅಲ್ಲಿಯೇ ಹರಿಯುತ್ತದೆ.

6. ಆಮ್ಲ ಬಳಸಿ ಬೆಸೆದಿದ್ದರೆ ಅಡಿಗೆ ಸೋಡದ ನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ. ಹೆಚ್ಚಿನ ಬೆಸುಗೆಯನ್ನು ಅರದಿಂದ ಉಜ್ಜಿ, ನಿಪ್ಪಲ್ ತೂತಿನಲ್ಲಿ ಸಲೀಸಾಗಿ ತಿರುಗುವಂತೆ ಮಾಡಿ. ಜೋಡಿಸುವ ಮೊದಲು ಬಲವಾಗಿ ಎಳೆದು ಪರೀಕ್ಷಿಸಿ.

ತಂತಿ ಗಿಡ್ಡವಾದಷ್ಟನ್ನು ಹೊಂದಾಣಿಕೆ ಸ್ಕ್ರೂ ಸರಿದೂಗಿಸದಿದ್ದರೆ, ಹೊರಕವಚವನ್ನೂ ಅಷ್ಟೇ ಉದ್ದ ಕತ್ತರಿಸಬೇಕು. ಕ್ಲಚ್ ಹಿಡಿಯಲ್ಲಿ ಸ್ವಲ್ಪ ಸಡಿಲ ಇರಲೇಬೇಕು. ಇಲ್ಲವಾದರೆ ಕ್ಲಚ್ ಜಾರಿ ಪ್ಲೇಟುಗಳು ಸವೆಯುತ್ತವೆ. ಆಕ್ಸಿಲರೇಟರ್ ಬೆಸೆದ ಮೇಲೆ ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ವೇಗ ಏರಿದರೆ ಕೇಬಲ್ ಎಳೆದುಕೊಳ್ಳುತ್ತಿದೆ ಎಂದರ್ಥ, ಸರಿಪಡಿಸದೆ ರಸ್ತೆಗಿಳಿಯಬೇಡಿ.

ಇನ್ನು ಬ್ರೇಕಿನ ಮಾತು. ನಾನೂ ಒಮ್ಮೆ ಮುಂದಿನ ಬ್ರೇಕಿನ ತಂತಿಗೆ ಸ್ಕ್ರೂ ಹಾಕುವ ನಿಪ್ಪಲ್ ಬಿಗಿದು, ಎರಡು ಕ್ಯಾನ್ ಹಾಲಿನೊಡನೆ ಹೊರಟಿದ್ದೆ. ಕೆರೆ ಏರಿಯ ಇಳಿಜಾರಿನಲ್ಲಿ ಎಮ್ಮೆಯೊಂದು ಅಡ್ಡ ಬಂದಿತು. ಬಲವಾಗಿ ಹಿಡಿದ ಕೂಡಲೆ ಸ್ಕ್ರೂ ಜಾರಿತು. ಗದ್ದೆಯ ಬದುವಿಗೆ ಗುದ್ದಿ ನಿಂತೆ. ಹಾಲು ಮಣ್ಣುಪಾಲಾಯಿತು, ಜೀವ ಉಳಿಯಿತು. ಕ್ಲಚ್ ವೈರು ಹರಿದರೆ ಗಾಡಿಯನ್ನು ತಳ್ಳಿಕೊಂಡು ಬರಬಹುದು. ಬ್ರೇಕ್ ವೈರು ಹರಿದರೆ ಆ ಅವಕಾಶವೇ ಸಿಗಲಾರದು. ಅದೂ ನಾವು ಅತಿ ಬಲವಾಗಿ ಹಿಡಿದ ಗಳಿಗೆಯಲ್ಲೇ ಅದು ಕೈಕೊಡುತ್ತದೆ. ಆದ್ದರಿಂದ ಬ್ರೇಕಿಗೆ ಹೊಸ ಕೇಬಲ್ಲೇ ಆಗಬೇಕು. ಹಳೆಯದನ್ನು ಜೊತೆಗೆ ಒಯ್ದು, ಉದ್ದ, ತಂತಿಯ ದಪ್ಪ, ನಿಪ್ಪಲ್ಲಿನ ಆಕಾರ ಹೋಲಿಸಿಯೇ ಕೊಳ್ಳಿ. ಅದು ಸಿಗುವವರೆಗೆ ಗಾಡಿ ಮನೆಯಲ್ಲೇ ಇರಲಿ.

ತಿಂಗಳಿಗೊಮ್ಮೆ ನಿಪ್ಪಲ್ಲಿಗೆ ಗ್ರೀಸ್, ಕವಚದೊಳಗೆ ಒಂದೆರಡು ಹನಿ ಎಣ್ಣೆ ಬಿಡಿ. ಒಂದು ಎಳೆ ಹರಿದದ್ದು ಕಂಡ ದಿನವೇ ಕೆಲಸಕ್ಕೆ ತೊಡಗಿ. ಎತ್ತಿನ ಕೊರಳಿನ ಹುಣ್ಣನ್ನು ನೋಡಿಯೂ ನೊಗ ಹೂಡದ ನಾವು, ಹರಿದ ಬ್ರೇಕಿನ ತಂತಿಯನ್ನು ನೋಡಿಯೂ ಗಾಡಿ ಹತ್ತುವುದು ಸರಿಯೇ? ನೀವೇ ಯೋಚಿಸಿ.