ಸರಿಯಾಗಿ ಬಂದ ಊಹೆಗೆ ಮಾರ್ಕ್ಸ್ ಇಲ್ಲ

(1/6)
ನಮ್ಮ ಕ್ಲಾಸ್ ಗ್ರೂಪ್‌ನಲ್ಲಿ ಇರೋರಿಗೆ ಗೊತ್ತು, ಪ್ರತಿ ಭಾನುವಾರ ರಾತ್ರಿ ಅಲ್ಲೊಂದು ಸುಡೊಕು ಬೀಳುತ್ತೆ. ಮೊದಲು ಮುಗಿಸಿದವರು ಟೈಮ್ ಸಮೇತ ಸ್ಕ್ರೀನ್‌ಶಾಟ್ ಹಾಕ್ತಾರೆ, ಉಳಿದವರು ಬೆಂಕಿ ಇಮೋಜಿ ಹಾಕಿ ಮಲಗ್ತಾರೆ. ಹೋದ ತಿಂಗಳು ಬಂದ ಒಂದು 'ಎಕ್ಸ್‌ಪರ್ಟ್' ಪಝಲ್‌ನ ನಾನು 11 ನಿಮಿಷಕ್ಕೆ ಮುಗಿಸಿ ಸ್ಟೋರಿಗೂ ಹಾಕ್ಕೊಂಡು ಮೆರೆದಿದ್ದೆ. ನಿಮ್ಮಲ್ಲಿ ತುಂಬ ಜನ ಲೈಕ್ ಕೂಡ ಮಾಡಿದ್ರಿ, ಥ್ಯಾಂಕ್ಸ್.

ಮಾರನೇ ದಿನ ಕ್ಯಾಂಟೀನ್‌ನಲ್ಲಿ ಜೂನಿಯರ್ ಒಬ್ಬಳು ಆ ಸ್ಕ್ರೀನ್‌ಶಾಟ್ ಹಿಡ್ಕೊಂಡು ಬಂದಳು. "ಅಕ್ಕಾ, ಈ 4 ಹೇಗೆ ಬಂತು? ರಾತ್ರಿಯೆಲ್ಲ ನೋಡಿದೆ, ಗೊತ್ತಾಗ್ಲಿಲ್ಲ."

ನಾನು ಹೇಳಿದೆ, "ಅಲ್ಲಿ 4 ಅಥವಾ 9 ಇತ್ತು. 4 ಹಾಕಿ ನೋಡಿದೆ, ವರ್ಕೌಟ್ ಆಯ್ತು."

"ಓ, ಲಕ್ಕಾ?" ಅಂದಳು. ವ್ಯಂಗ್ಯ ಏನಿರಲಿಲ್ಲ, ಪಾಪ. ನಿಜವಾಗ್ಲೂ ಕಲಿಯೋಕೆ ಬಂದಿದ್ದಳು. ಹೇಳ್ಕೊಡೋಕೆ ನನ್ನ ಹತ್ರ ಏನೂ ಇರಲಿಲ್ಲ. ಕೈಯಲ್ಲಿದ್ದ ಟೀ ಆರಿಹೋಯ್ತು.

ಅವತ್ತಿಂದ ತಲೇಲಿ ಕೊರೀತಿರೋ ವಿಷಯ ಇದು. ಕಷ್ಟದ ಸುಡೊಕುನಲ್ಲಿ ಊಹೆ ಹೊಡೆದು ಗೆಲ್ಲೋದನ್ನ ನಾವು ಗೆಲುವು ಅಂತ ಲೆಕ್ಕ ಹಾಕ್ಬಾರದು. ಬೈಬೇಡಿ, ಪೂರ್ತಿ ಓದಿ. ಉಳಿದಿದ್ದು ಮುಂದಿನ ಪೋಸ್ಟ್‌ಗಳಲ್ಲಿದೆ.

(2/6)
ಮೊದಲು ಒಂದು ಮಾತು. ಈಸಿ, ಮೀಡಿಯಂ ಪಝಲ್‌ಗಳ ಬಗ್ಗೆ ನಾನು ಮಾತಾಡ್ತಿಲ್ಲ. ನಮ್ಮ ದೊಡ್ಡಪ್ಪ ಬೆಳಿಗ್ಗೆ ಕಾಫಿ ಜೊತೆ ಪೇಪರ್ ಸುಡೊಕುನ ಸೀದಾ ಪೆನ್ನಲ್ಲೇ ತುಂಬ್ತಾರೆ, ಅಲ್ಲಿ ಊಹೆ ಬೇಕಾಗೋದೇ ಇಲ್ಲ. ನಾನು ಹೇಳ್ತಿರೋದು, ನೋಟ್ಸ್ ಮೋಡ್ ಆನ್ ಮಾಡಿ ಪ್ರತಿ ಖಾಲಿ ಮನೇಲೂ ಬರಬಹುದಾದ ಅಂಕಿಗಳನ್ನೆಲ್ಲ ಸಣ್ಣದಾಗಿ ಬರ್ಕೊಂಡ್ಮೇಲೂ, ಒಂದೇ ಅಂಕಿ ಉಳಿದಿರೋ ಮನೆ ಎಲ್ಲೂ ಸಿಗದೇ ಇರೋ ಪಝಲ್‌ಗಳ ಬಗ್ಗೆ. ಜೋಡಿ ಹಿಡಿದು ಅಳಿಸಿದ್ದೂ ಆಯ್ತು, ಒಂದು ಬಾಕ್ಸ್‌ನ ಅಂಕಿ ಒಂದೇ ರೋನಲ್ಲಿ ಸಿಕ್ಕಿಹಾಕ್ಕೊಂಡಿದೆಯಾ ಅಂತ ನೋಡಿದ್ದೂ ಆಯ್ತು. ಗೋಡೆ ಬಂತು. ಅಲ್ಲಿಂದ ಶುರು.

ಹೆಚ್ಚಿನವರು ಊಹೆ ಹೊಡೆಯೋದು ಇಲ್ಲೇ. ಆದ್ರೆ ಈ ಜಾಗದಲ್ಲಿ ಮೊದಲು ಮಾಡಬೇಕಾದ ಕೆಲಸ ಒಂದಿದೆ: ಮನೆಗಳನ್ನ ಬಿಟ್ಟು ಒಂದೇ ಒಂದು ಅಂಕಿನ ಹಿಂಬಾಲಿಸೋದು.

4 ತಗೊಳ್ಳಿ. 2ನೇ ರೋನಲ್ಲಿ 4 ಬರೋಕೆ ಎರಡೇ ಜಾಗ ಇದೆ ಅನ್ಕೊಳ್ಳಿ, 3ನೇ ಕಾಲಂ ಮತ್ತು 7ನೇ ಕಾಲಂ. 8ನೇ ರೋನಲ್ಲೂ ಅದೇ ಎರಡು ಕಾಲಂ, 3 ಮತ್ತು 7. ಈಗ ಯೋಚ್ನೆ ಮಾಡಿ. ಮೇಲಿನ ರೋನಲ್ಲಿ 4 ಎಡಕ್ಕೆ ಬಂದ್ರೆ ಕೆಳಗಿನ ರೋನಲ್ಲಿ ಬಲಕ್ಕೆ ಹೋಗ್ಲೇಬೇಕು. ಮೇಲೆ ಬಲಕ್ಕೆ ಬಂದ್ರೆ ಕೆಳಗೆ ಎಡಕ್ಕೆ. ಯಾವುದು ನಿಜ ಅಂತ ನಮಗೆ ಗೊತ್ತಿಲ್ಲ, ಗೊತ್ತಾಗಬೇಕಾಗೂ ಇಲ್ಲ. ಎರಡರಲ್ಲಿ ಯಾವುದಾದ್ರೂ 3ನೇ ಕಾಲಂಗೂ 7ನೇ ಕಾಲಂಗೂ 4 ಸಿಕ್ಕಿಬಿಡ್ತು. ಹಾಗಾಗಿ ಆ ಎರಡೂ ಕಾಲಂಗಳ ಬೇರೆ ಮನೆಗಳಲ್ಲಿ ಬರ್ಕೊಂಡಿದ್ದ 4ನ್ನೆಲ್ಲ ಧೈರ್ಯವಾಗಿ ಅಳಿಸಬಹುದು. ಇದೇ ಎಕ್ಸ್-ವಿಂಗ್. ಎರಡರ ಬದಲು ಮೂರು ರೋ, ಮೂರು ಕಾಲಂ ಆದ್ರೆ ಅದನ್ನ ಸ್ವೋರ್ಡ್‌ಫಿಶ್ ಅಂತಾರೆ. ಹೆಸರು ಕೇಳಿ ಹೆದರ್ಬೇಡಿ, ಲಾಜಿಕ್ ಅದೇ. ಕಣ್ಣಿಗೆ ಬೀಳೋದು ಮಾತ್ರ ಕಷ್ಟ.

(3/6)
ಈಗ ಆ ಜೂನಿಯರ್ ಕೇಳಿದ 4ರ ಕಥೆ. ಅವಳು ಹೋದ್ಮೇಲೆ ನಾನು ಅದೇ ಪಝಲ್‌ನ ಪೇಪರ್ ಮೇಲೆ ಇಳಿಸ್ಕೊಂಡು ಮೊದಲಿಂದ ಮಾಡಿದೆ. ಎರಡು ಸಂಜೆ ಹಿಡೀತು. 11 ನಿಮಿಷ ಎಲ್ಲಿ, ಎರಡು ಸಂಜೆ ಎಲ್ಲಿ!

ನಾನು ಊಹಿಸಿದ್ದ ಮನೆ 6ನೇ ರೋ, 8ನೇ ಕಾಲಂ. ಇನ್ನು ಮುಂದೆ ಇದನ್ನ ಚಿಕ್ಕದಾಗಿ 6-8 ಅಂತ ಬರೀತೀನಿ, ರೋ ಮೊದಲು, ಕಾಲಂ ಆಮೇಲೆ. ಅಲ್ಲಿ 4 ಅಥವಾ 9. ಅದನ್ನೇ ದಿಟ್ಟಿಸ್ತಾ ಕೂತ್ರೆ ಏನೂ ಸಿಗಲ್ಲ. ಉತ್ತರ ಇದ್ದಿದ್ದು ಬೇರೆ ಮೂರು ಮನೆಗಳಲ್ಲಿ.

2-2ರಲ್ಲಿ 3 ಅಥವಾ 7.
2-8ರಲ್ಲಿ 3 ಅಥವಾ 9.
6-2ರಲ್ಲಿ 7 ಅಥವಾ 9.

ಪೆನ್ಸಿಲ್ ತಗೊಂಡು ಈ ಮೂರು ಮನೆ ಬರ್ಕೊಳ್ಳಿ, ಸ್ಕ್ರೋಲ್ ಮಾಡ್ಕೊಂಡು ಓದಿದ್ರೆ ಅರ್ಥ ಆಗಲ್ಲ. 2-2ರಲ್ಲಿ 3 ಬಂದ್ರೆ, ಅದೇ ರೋನಲ್ಲಿರೋ 2-8ಕ್ಕೆ 9 ಬರ್ಲೇಬೇಕು. 2-2ರಲ್ಲಿ 7 ಬಂದ್ರೆ, ಅದೇ ಕಾಲಂನಲ್ಲಿರೋ 6-2ಕ್ಕೆ 9 ಬರ್ಲೇಬೇಕು. ಅಂದ್ರೆ ಏನೇ ಆದ್ರೂ 2-8 ಅಥವಾ 6-2, ಇವೆರಡರಲ್ಲಿ ಒಂದು 9 ಆಗೇ ಆಗುತ್ತೆ. 6-8 ಎಲ್ಲಿದೆ ನೋಡಿ: 2-8 ಇರೋ ಕಾಲಂನಲ್ಲೂ ಇದೆ, 6-2 ಇರೋ ರೋನಲ್ಲೂ ಇದೆ. ಎರಡೂ ಕಡೆಯಿಂದ ಏಟು. ಅಲ್ಲಿ 9 ಬರೋ ಹಾಗೇ ಇಲ್ಲ. ಉಳಿದಿದ್ದು 4.

ಇದರ ಹೆಸರು ಎಕ್ಸ್‌ವೈ-ವಿಂಗ್. ಮಂಗಳವಾರ ಕ್ಯಾಂಟೀನ್‌ನ ಟಿಶ್ಯೂ ಪೇಪರ್ ಮೇಲೆ ಅವಳಿಗೆ ಇದನ್ನ ಬರ್ದು ತೋರ್ಸಿದೆ. "ಇಷ್ಟೇನಾ?" ಅಂದಳು. ಇಷ್ಟೇ! ಆ 'ಇಷ್ಟೇನಾ' ಕೇಳೋಕೆ ನನಗೆ ಎರಡು ಸಂಜೆ ಬೇಕಾಯ್ತು, ಮತ್ತೆ ಆ 11 ನಿಮಿಷದ ಸ್ಕ್ರೀನ್‌ಶಾಟ್‌ಗಿಂತ ನೂರು ಪಾಲು ಖುಷಿ ಕೊಡ್ತು.

(4/6)
ಇಲ್ಲಿ ಒಬ್ಬರು ಖಂಡಿತ ಕಾಮೆಂಟ್ ಹಾಕ್ತೀರಾ, ಅದಕ್ಕೆ ಮೊದಲೇ ಹೇಳ್ಬಿಡ್ತೀನಿ. "3 ಬಂದ್ರೆ, 7 ಬಂದ್ರೆ ಅಂತ ನೀನು ಮಾಡಿದ್ದೂ ಊಹೆನೇ ಅಲ್ವಾ?"

ಒಳ್ಳೇ ಪ್ರಶ್ನೆ. ಸುಡೊಕು ಆಡೋರ ಮಧ್ಯೆ ಇದು ಹಳೇ ಜಗಳ. ವ್ಯತ್ಯಾಸ ಇಷ್ಟು: ಎಕ್ಸ್‌ವೈ-ವಿಂಗ್‌ನಲ್ಲಿ ನಾನು ಎರಡೂ ದಾರಿ ನಡೆದು ನೋಡಿದೆ. ಎರಡೂ ಹೋಗಿ ಸೇರಿದ ಜಾಗದಲ್ಲಿ ಸಿಕ್ಕಿದ್ದನ್ನ ಮಾತ್ರ ತಗೊಂಡೆ. ಊಹೆ ಹೊಡೆದಾಗ ಒಂದೇ ದಾರಿ ನಡೆದಿದ್ದೆ, ಅದು ಅಕಸ್ಮಾತ್ ಮನೆ ಮುಟ್ಟಿಸ್ತು.

ಇನ್ನೂ ಒಂದು ವಿಚಿತ್ರ ಇದೆ, ಇದನ್ನ ಸ್ವಲ್ಪ ನಿಧಾನವಾಗಿ ಓದಿ. ಊಹೆ ತಪ್ಪಾದ್ರೆ ಅದು ಪ್ರೂಫ್. 9 ಹಾಕಿದ್ರಿ, ಹತ್ತು ಮನೆ ತುಂಬಿದ್ಮೇಲೆ ಒಂದೇ ರೋನಲ್ಲಿ ಎರಡು 6 ಬಂತು. ಈಗ ನಿಮಗೆ ಪಕ್ಕಾ ಗೊತ್ತು, ಅಲ್ಲಿ 9 ಬರಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ರೂಟ್ 2 ಅಭಾಗಲಬ್ಧ ಸಂಖ್ಯೆ ಅಂತ ಸಾಧಿಸಿದ್ದು ನೆನಪಿದ್ಯಾ? ಮೊದಲು ಅದು ಭಾಗಲಬ್ಧ ಅಂತ ಇಟ್ಕೊಂಡು ಹೊರಟು, ಕೊನೇಲಿ ಎಡವಟ್ಟಾಗುತ್ತೆ ಅಂತ ತೋರಿಸಿ, ಹಾಗಾಗಿ ಅಲ್ಲ ಅಂತ ಮುಗಿಸಿದ್ವಿ. ಇಲ್ಲೂ ಅದೇ ಕ್ರಮ.

ಊಹೆ ಸರಿಯಾದ್ರೆ? 4 ಹಾಕಿದ್ರಿ, ಪೂರ್ತಿ ತುಂಬ್ತು. ಏನು ಸಾಧಿಸಿದ ಹಾಗಾಯ್ತು? 4 ಹಾಕಿದ್ರೆ ಒಂದು ಉತ್ತರ ಇದೆ ಅಂತ ಗೊತ್ತಾಯ್ತು, ಅಷ್ಟೇ. 9 ಯಾಕೆ ಬರಲ್ಲ ಅನ್ನೋದನ್ನ ನೀವು ನೋಡ್ಲೇ ಇಲ್ಲ. ಪಝಲ್ ಮಾಡಿದವರು ಒಂದೇ ಉತ್ತರ ಇರೋ ಹಾಗೆ ಮಾಡಿದ್ದಾರೆ ಅನ್ನೋ ನಂಬಿಕೆ ಮೇಲೆ ನಿಮ್ಮ ಗೆಲುವು ನಿಂತಿದೆ. ಚೌಕಾಬಾರದಲ್ಲಿ ಕವಡೆ ಬಿದ್ದ ಹಾಗೆ ಕಾಯಿ ನಡೆಸ್ತೀವಿ, ಅದು ಆ ಆಟದ ಮಜಾ. ಸುಡೊಕುನಲ್ಲಿ ಕವಡೆನೇ ಕೊಟ್ಟಿಲ್ಲ, ನಾವೇ ಜೇಬಿಂದ ತೆಗೆದು ಹಾಕ್ತಿದ್ದೀವಿ.

ಸಿಎಸ್‌ನವರಿಗೆ: ಬ್ಯಾಕ್‌ಟ್ರ್ಯಾಕಿಂಗ್ ಪ್ರೋಗ್ರಾಂ ಬರೆದಿದ್ದೀರಲ್ಲ, ಅದು ಮಾಡೋದೂ ಇದೇ. ಹಾಕು, ಮುಂದೆ ಹೋಗು, ತಪ್ಪಾದ್ರೆ ವಾಪಸ್ ಬಾ. ಒಂದು ಪುಟದಷ್ಟು ಕೋಡ್‌ಗೆ ಎಂಥಾ ಸುಡೊಕುನೂ ಬಗ್ಗುತ್ತೆ. ಆ ಕೆಲಸದಲ್ಲಿ ನಾವು ಲ್ಯಾಪ್‌ಟಾಪ್‌ನ ಸೋಲಿಸಲ್ಲ. ಸೋಲಿಸಬೇಕಾಗೂ ಇಲ್ಲ.

ಹಾಗಾದ್ರೆ ಗೋಡೆ ಬಂದಾಗ ಏನ್ ಮಾಡೋದು? ಎರಡೇ ಅಂಕಿ ಇರೋ ಮನೆ ಒಂದನ್ನ ಹಿಡಿರಿ. ಎರಡು ಬಣ್ಣದ ಪೆನ್ಸಿಲ್ ತಗೊಳ್ಳಿ. ಮೊದಲ ಅಂಕಿ ಇಟ್ರೆ ಎಲ್ಲೆಲ್ಲಿ ಏನೇನಾಗುತ್ತೆ ಅಂತ ನೀಲಿಯಲ್ಲಿ, ಎರಡನೇದು ಇಟ್ರೆ ಏನಾಗುತ್ತೆ ಅಂತ ಕೆಂಪಲ್ಲಿ ಗುರುತು ಮಾಡಿ. ಒಂದು ಮನೇಲಿ ನೀಲಿನೂ 5, ಕೆಂಪೂ 5 ಅಂದ್ರೆ ಅಲ್ಲಿ 5 ಗ್ಯಾರಂಟಿ. ಇದಕ್ಕೆ ಫೋರ್ಸಿಂಗ್ ಚೈನ್ ಅಂತಾರೆ. ನಿಧಾನ, ಬೋರೂ ಹೊಡೀಬಹುದು. ಆದ್ರೆ ಆಮೇಲೆ ಯಾರಾದ್ರೂ ಬಂದು ಕೇಳಿದ್ರೆ ಹೇಳೋಕೆ ನಿಮ್ಮ ಹತ್ರ ಮಾತಿರುತ್ತೆ.

(5/6)
ನನಗೇ ಪೂರ್ತಿ ಸಮಾಧಾನ ಇಲ್ಲದ ಒಂದು ಟೆಕ್ನಿಕ್ ಇದೆ. ಯುನೀಕ್ ರೆಕ್ಟ್ಯಾಂಗಲ್. ಮೇಲೆ ಅಷ್ಟು ಭಾಷಣ ಬಿಗಿದು ಇದನ್ನ ಮುಚ್ಚಿಟ್ರೆ ಸರಿಯಿರಲ್ಲ.

1-4, 2-4, 1-8, 2-8. ಎರಡು ರೋ, ಎರಡು ಕಾಲಂ, ಎರಡೇ ಬಾಕ್ಸ್. ಮೊದಲ ಮೂರು ಮನೇಲಿ 2, 6 ಮಾತ್ರ ಇದೆ. ನಾಲ್ಕನೇದರಲ್ಲಿ 2, 6, 8. ಅಲ್ಲಿ 8 ಬರದೇ ಹೋದ್ರೆ ನಾಲ್ಕೂ ಮನೇಲಿ 2 ಮತ್ತು 6 ಮಾತ್ರ ಇರುತ್ತೆ, ಆಗ ಅವನ್ನ ಅದಲು ಬದಲು ಮಾಡಿದ್ರೂ ರೋ, ಕಾಲಂ, ಬಾಕ್ಸ್ ಯಾವುದೂ ಕೆಡಲ್ಲ. ಅಂದ್ರೆ ಪಝಲ್‌ಗೆ ಎರಡು ಉತ್ತರ. ಸರಿಯಾದ ಸುಡೊಕುಗೆ ಒಂದೇ ಉತ್ತರ ಇರಬೇಕು. ಆದ್ದರಿಂದ ಅಲ್ಲಿ 8.

ಎಷ್ಟು ಚಂದ ಇದೆ ಅಲ್ವಾ? ಆದ್ರೆ ಇದೂ 'ಒಂದೇ ಉತ್ತರ' ಅನ್ನೋ ನಂಬಿಕೆ ಮೇಲೇ ನಿಂತಿದೆ! ಕೆಲವರು ಇದನ್ನ ಮುಟ್ಟೋದೇ ಇಲ್ಲ. ನಾನು ಮುಟ್ತೀನಿ. ಯಾಕಂದ್ರೆ ಇಲ್ಲಿ ಆ ನಂಬಿಕೆನ ಬಾಯಿಬಿಟ್ಟು ಹೇಳಿ ಬಳಸ್ತೀವಿ, 8 ಯಾಕೆ ಅಂತ ಕೇಳಿದವರಿಗೆ ಪೂರ್ತಿ ಕಾರಣ ಕೊಡಬಹುದು. ಊಹೆಯಲ್ಲಿ ಆ ನಂಬಿಕೆ ಕದ್ದು ಒಳಗೆ ಬರುತ್ತೆ. ಇದು ನನ್ನ ವಾದ, ನಿಮಗೆ ಒಪ್ಪಿಗೆ ಇಲ್ದಿದ್ರೆ ಜಗಳ ಆಡಿ. ಎಲ್ಲಿಂದಲೋ ಎತ್ತಿದ, ಒಂದೇ ಉತ್ತರ ಇದೆಯೋ ಇಲ್ವೋ ಗೊತ್ತಿಲ್ಲದ ಪಝಲ್‌ಗೆ ಮಾತ್ರ ಇದನ್ನ ಬಳಸ್ಬೇಡಿ.

(6/6)
"ಸ್ಪರ್ಧೆಯಲ್ಲಿ ಎಲ್ಲರೂ ಊಹೆ ಹೊಡೀತಾರೆ" ಅಂತ ನಮ್ಮ ಕ್ಲಾಸಿನವನೊಬ್ಬ ವಾದ ಮಾಡ್ತಾನೆ (ಯಾರು ಅಂತ ಅವನಿಗೇ ಗೊತ್ತು). ಎಲ್ಲರೂ ಅನ್ನೋದು ಜಾಸ್ತಿ ಆಯ್ತು, ಆದ್ರೆ ಒಪ್ತೀನಿ. ನಮ್ಮ ಬೆಂಗಳೂರಲ್ಲೇ 2017ರಲ್ಲಿ ವರ್ಲ್ಡ್ ಸುಡೊಕು ಚಾಂಪಿಯನ್‌ಶಿಪ್ ನಡೆದಿತ್ತು. ಅಂಥ ಕಡೆ ಗಡಿಯಾರ ಓಡ್ತಿರುತ್ತೆ, ಸಿಕ್ಕಿಹಾಕ್ಕೊಂಡಾಗ ಒಂದು ಕಡೆ ಧುಮುಕೋದು ಅಲ್ಲಿ ಲೆಕ್ಕಾಚಾರದ ಆಟ. ಆದ್ರೆ ಅವರು ವಿಂಗ್, ಚೈನ್ ಎಲ್ಲ ಅರೆದು ಕುಡಿದವರು, ಎಲ್ಲಿ ಧುಮುಕಿದ್ರೆ ಬೇಗ ಗೊತ್ತಾಗುತ್ತೆ ಅಂತ ತಿಳಿದು ಧುಮುಕ್ತಾರೆ. ನಾವು ಹಾಸಿಗೆ ಮೇಲೆ ಬಿದ್ಕೊಂಡು, ಯಾವ ಗಡಿಬಿಡಿಯೂ ಇಲ್ದೆ ಧುಮುಕ್ತೀವಿ.

ಇನ್ನೊಂದು ವಾದ: "ತೀರಾ ಕಷ್ಟದ ಪಝಲ್‌ಗೆ ಲಾಜಿಕ್ ಸಾಲಲ್ಲ." ಇದರಲ್ಲಿ ತೂಕ ಇದೆ. ಫಿನ್ಲೆಂಡ್‌ನ ಗಣಿತಜ್ಞ ಆರ್ಟೊ ಇಂಕಲಾ ಅಂತ ಇದ್ದಾರೆ. 2006ರಲ್ಲಿ ಅವರು ಮಾಡಿದ ಪಝಲ್ ಹೆಸರು 'ಎಐ ಎಸ್ಕಾರ್ಗೋ'. ಈ ಎಐ ನಮ್ಮ ಅಸೈನ್‌ಮೆಂಟ್ ಬರೆಯೋ ಎಐ ಅಲ್ಲ, ಅವರ ಹೆಸರಿನ ಇನಿಷಿಯಲ್. ಎಸ್ಕಾರ್ಗೋ ಅಂದ್ರೆ ಬಸವನಹುಳು. 2012ರಲ್ಲಿ ಅವರದ್ದೇ ಇನ್ನೊಂದು ಬಂತು, ಜಗತ್ತಿನ ಅತಿ ಕಷ್ಟದ ಸುಡೊಕು ಅಂತ ಪತ್ರಿಕೆಗಳು ಬಿರುದು ಕೊಟ್ಟಿದ್ದು ಅದಕ್ಕೇ. ಅದರಲ್ಲಿ ಕೊಟ್ಟಿರೋ ಅಂಕಿ 21. ಅಂಕಿ ಕಮ್ಮಿ ಇದ್ದಷ್ಟೂ ಕಷ್ಟ ಅಂತ ತಿಳ್ಕೊಂಡಿದ್ರೆ ಅದನ್ನೂ ಬಿಡಿ. ಒಂದೇ ಉತ್ತರ ಬರೋಕೆ ಕಮ್ಮಿ ಅಂದ್ರೆ 17 ಅಂಕಿ ಬೇಕು ಅಂತ 2012ರಲ್ಲಿ ಡಬ್ಲಿನ್‌ನ ಗ್ಯಾರಿ ಮೆಗ್ವಾಯರ್ ತಂಡ ಕಂಪ್ಯೂಟರ್ ಇಟ್ಕೊಂಡು ತೋರಿಸ್ತು. ಆ 17 ಅಂಕಿಯ ಪಝಲ್‌ಗಳಲ್ಲಿ ಎಷ್ಟೋ ಸುಲಭದವೇ.

ಇಂಕಲಾ ಪಝಲ್‌ಗೆ ಎಕ್ಸ್-ವಿಂಗ್, ಎಕ್ಸ್‌ವೈ-ವಿಂಗ್ ಹಿಡ್ಕೊಂಡು ಹೋದ್ರೆ ಅದು ನಗುತ್ತೆ. ತುಂಬ ಉದ್ದದ, ಕವಲೊಡೆಯೋ ಚೈನ್‌ಗಳು ಬೇಕು. ಅಲ್ಲಿ ಚೈನ್‌ಗೂ 'ಹಾಕಿ ನೋಡೋದಕ್ಕೂ' ನಡುವಿನ ಗೆರೆ ತೆಳುವಾಗುತ್ತೆ, ಒಪ್ಪಿದೆ. ಆದ್ರೂ ಎರಡೂ ದಾರಿ ನಡೆದು, ಒಂದು ಯಾಕೆ ಮುರೀತು ಅಂತ ಬರೆದಿಟ್ರೆ ಅದು ಪ್ರೂಫೇ. ನಾಲ್ಕು ಹಾಳೆ ಆಗ್ಬಹುದು, ಆಗ್ಲಿ. ನಾನು ಇನ್ನೂ ಎರಡನೇ ಹಾಳೇಲಿದ್ದೀನಿ, ಮೂರು ವಾರ ಆಯ್ತು.

ಅದಕ್ಕೇ ಈ ಭಾನುವಾರದಿಂದ ಗ್ರೂಪ್‌ನಲ್ಲಿ ಒಂದು ಬದಲಾವಣೆ ಕೇಳ್ತಿದ್ದೀನಿ. ಟೈಮ್ ಸ್ಕ್ರೀನ್‌ಶಾಟ್ ಬೇಡ. ಪಝಲ್‌ನಲ್ಲಿ ನಿಮ್ಮನ್ನ ತುಂಬ ಹೊತ್ತು ಕೂರಿಸಿದ ಒಂದೇ ಒಂದು ಮನೆ ಆರಿಸಿ, ಅಲ್ಲಿ ಆ ಅಂಕಿ ಯಾಕೆ ಬಂತು ಅಂತ ಎರಡು ಸಾಲು ಬರೆದು ಹಾಕಿ. ಊಹೆ ಹೊಡೆದಿದ್ರೆ 'ಊಹೆ' ಅಂತಲೇ ಬರೀರಿ, ಯಾರೂ ಆಡ್ಕೊಳ್ಳಲ್ಲ. ಆ ಮನೆಗೆ ಕಾರಣ ಹುಡುಕೋ ಕೆಲಸ ಉಳಿದವರದ್ದು. ನನ್ನ ಹಳೇ 11 ನಿಮಿಷದ ಸ್ಟೋರಿ ಹೈಲೈಟ್‌ನಿಂದ ತೆಗೆದಿದ್ದೀನಿ, ಅದರ ಜಾಗದಲ್ಲಿ ಈಗ ಆ ಟಿಶ್ಯೂ ಪೇಪರ್ ಫೋಟೋ ಇದೆ. ಟೀ ಕಲೆ ಸಮೇತ.

#ಸುಡೊಕು #ಕನ್ನಡದಲ್ಲಿ_ಪಝಲ್ #ಭಾನುವಾರದ_ಸುಡೊಕು