ಹೋಗೋದು ಸರಿ, ವಾಪಸ್ ಬರೋದು ಹೇಗೆ?

ಯುದ್ಧನೌಕೆ ಅಂದ್ರೆ ನಮಗೆಲ್ಲ ನೆನಪಾಗೋದು ಸಮುದ್ರ. ಸರೋವರದಲ್ಲಿ ಎಂಥ ನೌಕಾಯುದ್ಧ ಅಂತ ನಾವೂ ನಕ್ಕಿದ್ವಿ, 'ಈಗಲ್' ಅನ್ನೋ ಪುಟ್ಟ ಹಡಗಿನ ಕಥೆ ಓದೋವರೆಗೆ.

1812ರಲ್ಲಿ ಅಮೆರಿಕಕ್ಕೂ ಬ್ರಿಟನ್‌ಗೂ ಯುದ್ಧ ಶುರುವಾಯ್ತು. ಆಗ ಕೆನಡಾ ಬ್ರಿಟಿಷರ ಕೈಯಲ್ಲಿತ್ತು. ಗಡಿಯಲ್ಲಿದ್ದ ಶಾಂಪ್ಲೇನ್ ಸರೋವರ ಎರಡೂ ಸೈನ್ಯಗಳಿಗೆ ಹೆದ್ದಾರಿ ಇದ್ದ ಹಾಗೆ. ಅಲ್ಲಿ ಅಮೆರಿಕದ ಪರ ಕಾವಲಿಗಿದ್ದ ಸ್ಲೂಪ್‌ಗಳಲ್ಲಿ, ಅಂದರೆ ಒಂದೇ ಕಂಬದ ಹಾಯಿಹಡಗುಗಳಲ್ಲಿ, ಈಗಲ್ ಕೂಡ ಒಂದು.

1813ರ ಜೂನ್ 3ರಂದು ಈಗಲ್ ಮತ್ತು ಅದರ ಜೊತೆಗಾರ 'ಗ್ರೌಲರ್' ಬ್ರಿಟಿಷ್ ದೋಣಿಗಳನ್ನು ಅಟ್ಟಿಸಿಕೊಂಡು ಉತ್ತರಕ್ಕೆ, ರಿಶೆಲ್ಯೂ ನದಿಯೊಳಗೆ ನುಗ್ಗಿದವು. ಗಾಳಿ ಹಿಂದಿನಿಂದ, ನೀರಿನ ಹರಿವೂ ಅದೇ ದಿಕ್ಕಿಗೆ. ಹೋಗೋದು ಸಲೀಸಾಯ್ತು. ತಿರುಗಿದಾಗ ಎರಡೂ ಎದುರು! ಎದುರುಗಾಳಿಗೆ ಹಾಯಿಹಡಗು ಅಂಕುಡೊಂಕಾಗಿಯೇ ಸಾಗಬೇಕು. ಕಿರಿದಾದ ನದೀಲಿ ಅದಕ್ಕೆ ಜಾಗ ಎಲ್ಲಿ? ದಡದಿಂದ ಗುಂಡುಗಳ ಸುರಿಮಳೆ. ಈಗಲ್ ತೂತುಬಿದ್ದು ಮುಳುಗಿತು, ಗ್ರೌಲರ್ ದಡಕ್ಕೆ ಸಿಕ್ಕಿಕೊಂಡಿತು.

ಬ್ರಿಟಿಷರು ಎರಡನ್ನೂ ರಿಪೇರಿ ಮಾಡಿ ತಮ್ಮ ಪಡೆಗೆ ಸೇರಿಸಿಕೊಂಡ್ರು. ಈಗಲ್ ಕೊನೆಗೆ 'ಫಿಂಚ್' ಆಯ್ತು. 1814ರ ಸೆಪ್ಟೆಂಬರ್ 11ರ ಪ್ಲಾಟ್ಸ್‌ಬರ್ಗ್ ಕದನದಲ್ಲಿ ಅದು ತನ್ನ ಹಳೇ ಒಡೆಯರ ವಿರುದ್ಧವೇ ನಿಂತಿತು. ಏಟು ತಿಂದು ಕ್ರ್ಯಾಬ್ ದ್ವೀಪದ ಹತ್ತಿರ ನೆಲಕ್ಕೆ ತಗುಲಿ, ಅಮೆರಿಕನ್ನರಿಗೇ ಶರಣಾಯ್ತು.

ಅದೇ ಕದನದಲ್ಲಿ ಅಮೆರಿಕದ ನಾಯಕ ಥಾಮಸ್ ಮೆಕ್‌ಡೊನಾ, ನದಿಯಲ್ಲಿ ಆ ಎರಡು ಹಡಗು ಕಳಕೊಂಡಿದ್ದವನು, ಏನು ಮಾಡಿದ ಗೊತ್ತಾ? ಕೊಲ್ಲಿಯಲ್ಲಿ ಲಂಗರು ಹಾಕಿ, ಹಡಗು ತಿರುಗಿಸೋಕೆ ಬೇಕಾದ ಹಗ್ಗ, ಹೆಚ್ಚುವರಿ ಲಂಗರುಗಳನ್ನ ಮೊದಲೇ ಸಜ್ಜು ಮಾಡಿಟ್ಟುಕೊಂಡ. ಒಂದು ಬದಿಯ ತೋಪುಗಳು ಕೈಕೊಟ್ಟಾಗ ಗಾಳಿಗೆ ಕಾಯದೆ, ಹಗ್ಗ ಎಳೆಸಿ ಇಡೀ ಹಡಗನ್ನೇ ತಿರುಗಿಸಿದ. ಇನ್ನೊಂದು ಬದಿಯ ತೋಪುಗಳು ಸಿಡಿದವು. ಗೆದ್ದ.

ಈಗಲ್ ಕೆಟ್ಟ ಹಡಗಾಗಿರಲಿಲ್ಲ. ಕೆಟ್ಟಿದ್ದು ಲೆಕ್ಕಾಚಾರ. ನಮ್ಮ ಪ್ರಾಜೆಕ್ಟ್ ಡೆಮೋ ದಿನ ಕೈಕೊಟ್ಟಾಗ ನಾವು ಸೆನ್ಸರ್‌ನ ಬೈತೀವಿ, ಬೋರ್ಡ್‌ನ ಬೈತೀವಿ. ಕೆಲಸ ಮಾಡ್ತಿದ್ದ ಹಳೇ ಕೋಡ್‌ನ ಒಂದು ಕಾಪಿ ಇಟ್ಟುಕೊಂಡಿದ್ವಾ ಅಂತ ಯಾರೂ ಕೇಳಲ್ಲ. ಎಲ್ಲವೂ ಸಲೀಸಾಗಿ ಹೋಗ್ತಿರುವಾಗಲೇ, ಗಾಳಿ ತಿರುಗಿದರೆ ಏನು ಮಾಡೋದು ಅಂತ ಕೇಳ್ಕೊಳ್ಳೋದೂ ಎಂಜಿನಿಯರಿಂಗೇ. ಮುಂದಿನ ರಿವ್ಯೂಗೆ ಮುಂಚೆ ನಾವಂತೂ ಕೇಳ್ಕೊಳ್ತೀವಿ. ನೀವು?