ಶಿವಗಂಗೆಯ ಎತ್ತರ ನಿಮ್ಮ ವಾಚಿಗೆ ಗೊತ್ತಿಲ್ಲ

ಶನಿವಾರ ಬೆಳಗ್ಗೆ ಡಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಶಿವಗಂಗೆ ಕಡೆ ತಿರುಗುವ ಕಾರು, ಬೈಕುಗಳವರ ಕೈ ನೋಡಿ. ಅಂಗೈ ಅಗಲದ ವಾಚುಗಳು. ಎತ್ತರ ಹೇಳುತ್ತೆ, ಗಾಳಿಯ ಒತ್ತಡ ಹೇಳುತ್ತೆ, ದಿಕ್ಕು ತೋರಿಸುತ್ತೆ, ಎದೆಬಡಿತ ಎಣಿಸುತ್ತೆ, ಬಿರುಮಳೆ ಬರೋ ಹಾಗಿದ್ದರೆ ಕೂಗಿ ಎಚ್ಚರಿಸುತ್ತೆ ಅಂತ ಡಬ್ಬದ ಮೇಲೆ ಬರೆದಿರುತ್ತೆ. ಬೆಲೆ ಹತ್ತು ಸಾವಿರದ ಆಸುಪಾಸಿನಿಂದ ಶುರುವಾಗಿ ಲಕ್ಷದವರೆಗೂ ಹೋಗುತ್ತೆ. ಹಿಮದ ಬೆಟ್ಟ ಹತ್ತುವವರಿಗೆ ಅಂತ ಮಾಡಿದ ಸಾಮಾನು, ವಾರದಲ್ಲಿ ಐದು ದಿನ ನಮ್ಮ ಆಫೀಸುಗಳ ಏಸಿಯಲ್ಲಿ ತಣ್ಣಗೆ ಕೂತಿರುತ್ತೆ.

ದುಡ್ಡು ನಿಮ್ಮದು, ಕೈ ನಿಮ್ಮದು. ಶೋಕಿಗೆ ಕಟ್ಟಿಕೊಂಡರೂ ನನ್ನ ತಕರಾರಿಲ್ಲ. ಬೆಳ್ಳಿ ಕಡಗ ಹಾಕ್ಕೊಂಡವರನ್ನ ಯಾರೂ ಪ್ರಶ್ನೆ ಮಾಡಲ್ಲ, ಇದನ್ನೂ ಮಾಡಬೇಕಿಲ್ಲ. ನನ್ನ ತಕರಾರು ಬೇರೆ. ಈ ವಾಚನ್ನ ನಾವು ಕೊಂಡಿದ್ದೀವಿ, ಬಳಸೋದು ಕಲಿತಿಲ್ಲ. ಕಲಿಯದೇ ಅದರ ಮಾತನ್ನ ನಂಬ್ತೀವಿ. ಆಫೀಸಿನಲ್ಲಿ ಈ ನಂಬಿಕೆಯಿಂದ ಯಾರಿಗೂ ನಷ್ಟವಿಲ್ಲ. ಬೋಳು ಬಂಡೆಯ ಮೇಲೆ ನಿಂತಾಗ ನಷ್ಟ ಇದೆ.

ಮೊದಲು ಎತ್ತರದ ವಿಷಯ. ಬಹಳ ಜನ ತಿಳ್ಕೊಂಡಿರೋ ಹಾಗೆ ಈ ವಾಚು ಎತ್ತರವನ್ನ ನೇರವಾಗಿ ಅಳೆಯೋದಿಲ್ಲ. ಅದು ಅಳೆಯೋದು ಗಾಳಿಯ ಒತ್ತಡ. ಮೇಲೆ ಹೋದಂತೆ ಒತ್ತಡ ಇಳಿಯುತ್ತೆ. ನಮ್ಮ ಶಿವಗಂಗೆಯಂಥ ಎತ್ತರದಲ್ಲಿ ಸುಮಾರು 9 ಮೀಟರ್ ಹತ್ತಿದರೆ ಒಂದು ಹೆಕ್ಟೋಪಾಸ್ಕಲ್ ಕಡಿಮೆ. ಆ ಲೆಕ್ಕದಿಂದ ವಾಚು ಎತ್ತರವನ್ನ ಊಹೆ ಮಾಡುತ್ತೆ. ಸಮಸ್ಯೆ ಏನಂದ್ರೆ, ನೀವು ಹತ್ತಿದ್ದಕ್ಕೆ ಒತ್ತಡ ಇಳೀತೋ, ಹವೆ ಬದಲಾಗಿದ್ದಕ್ಕೆ ಇಳೀತೋ ಅನ್ನೋದು ಒತ್ತಡದ ಅಂಕಿಯಿಂದ ಗೊತ್ತಾಗಲ್ಲ. ಅದರಲ್ಲೂ ನಮ್ಮದು ಉಷ್ಣವಲಯ. ಇಲ್ಲಿ ಒಂದು ಹನಿ ಮಳೆ ಇಲ್ಲದ ದಿನವೂ ಒತ್ತಡ ಬೆಳಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕರ ಹೊತ್ತಿಗೆ ಮೂರು ನಾಲ್ಕು ಹೆಕ್ಟೋಪಾಸ್ಕಲ್ ಇಳಿಯುತ್ತೆ. ಅಂದ್ರೆ ಬೆಟ್ಟದ ಬುಡದಲ್ಲೇ ಕೂತು ಚುರುಮುರಿ ತಿಂತಾ ಇದ್ದರೂ ಸಂಜೆ ಹೊತ್ತಿಗೆ ವಾಚು ನಿಮ್ಮನ್ನ ಮೂವತ್ತು ಮೀಟರ್ ಮೇಲಕ್ಕೆ ಕೂರಿಸಿರಬಹುದು. ಜಿಪಿಎಸ್ ಇರುವ ಕೆಲವು ವಾಚುಗಳು ತಾವೇ ಸರಿ ಮಾಡ್ಕೊಳ್ಳೋಕೆ ನೋಡ್ತವೆ. ಆದರೆ ಪಕ್ಕದಲ್ಲಿ ಕಡಿದಾದ ಬಂಡೆ ಇದ್ದರೆ ಆ ಸಂಕೇತವೂ ಬಂಡೆಗೆ ಬಡಿದು ದಾರಿ ತಪ್ಪುತ್ತೆ.

ಇದು ವಾಚಿನ ತಪ್ಪಲ್ಲ. ಗೊತ್ತಿರುವ ಎತ್ತರದ ಜಾಗದಲ್ಲಿ ನನ್ನನ್ನ ಸರಿಮಾಡಿ ಅಂತ ಅದರ ಜೊತೆ ಬರೋ ಪುಸ್ತಕದಲ್ಲೇ ಇದೆ. ಪುಸ್ತಕ ಡಬ್ಬದಲ್ಲೇ ಉಳಿಯುತ್ತೆ. ಇನ್ನು ಸರಿಮಾಡೋಕೆ ಯಾವ ಅಂಕಿ ಇಟ್ಕೋತೀರಿ? ಅಂತರ್ಜಾಲದಲ್ಲಿ ಶಿವಗಂಗೆಯ ಎತ್ತರ ಒಂದು ಕಡೆ 804.8 ಮೀಟರ್ ಅಂತಿದೆ, ಇನ್ನೊಂದು ಕಡೆ 1,300 ಮೀಟರ್ ದಾಟುತ್ತೆ. ಬೆಂಗಳೂರೇ ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಹಾಗಾದ್ರೆ ಮೊದಲ ಲೆಕ್ಕದ ಪ್ರಕಾರ ಶಿವಗಂಗೆ ಬೆಟ್ಟದ ತುದಿ ಮೆಜೆಸ್ಟಿಕ್ಕಿಗಿಂತ ಕೆಳಗಿರಬೇಕು! ಒಂದು ಸಲ ಆ ಬೆಟ್ಟವನ್ನ ದೂರದಿಂದ ಕಂಡವರು ಯಾರೂ ಇದನ್ನ ಒಪ್ಪಲ್ಲ. ಎರಡನೆಯದೇ ಸರಿ. ಆದರೆ ಸರಿ ಯಾವುದು ಅಂತ ಆರಿಸೋಕೆ ನೀವು ಬೇಕು.

ದಿಕ್ಸೂಚಿಯದ್ದೂ ಇದೇ ಕಥೆ. ಶಿವಗಂಗೆ ಹತ್ತುವ ಕಡಿದಾದ ಜಾಗಗಳಲ್ಲಿ ಕಬ್ಬಿಣದ ಕಂಬಿ ಹಿಡ್ಕೊಂಡೇ ಹತ್ತಬೇಕು. ಕಂಬಿ ಹಿಡಿದ ಕೈಯಲ್ಲೇ ವಾಚು. ಕಬ್ಬಿಣದ ಪಕ್ಕ ದಿಕ್ಸೂಚಿ ಹುಚ್ಚಾಗುತ್ತೆ ಅನ್ನೋದನ್ನ ಹೈಸ್ಕೂಲಿನಲ್ಲೇ ಓದಿದ್ದೀವಿ, ಮಾರ್ಕ್ಸೂ ತಗೊಂಡಿದ್ದೀವಿ. ಆದರೆ ಈ ಬೆಟ್ಟಕ್ಕೆ ಅದರದ್ದೇ ದಿಕ್ಸೂಚಿ ಇದೆ. ಪೂರ್ವದಿಂದ ನೋಡಿದರೆ ಬಸವ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಸರ್ಪದ ಹಾಗೆ ಕಾಣುತ್ತೆ ಅಂತ ಸುತ್ತಲಿನ ಜನ ಹೇಳ್ತಾ ಬಂದಿದ್ದಾರೆ. ಭಕ್ತಿ ಇಲ್ಲದವರೂ ಇದನ್ನ ಬಳಸಬಹುದು. ಬೆಟ್ಟದ ಆಕಾರ ನೋಡಿ ತಾನೆಲ್ಲಿದ್ದೀನಿ ಅಂತ ತಿಳ್ಕೊಳ್ಳೋ ವಿದ್ಯೆ ಅದು. ತುದಿಗೆ ಹೋದ ಮೇಲೆ, ಮೋಡ ಮಂಜು ಇಲ್ಲದ ದಿನ, ಉತ್ತರಕ್ಕೆ ದೇವರಾಯನದುರ್ಗ, ದಕ್ಷಿಣಕ್ಕೆ ಸಾವನದುರ್ಗ. ಎರಡನ್ನ ಗುರುತು ಹಿಡಿಯೋಕೆ ಬಂದವರಿಗೆ ವಾಚು ಸರಿ ಹೇಳ್ತಿದೆಯೋ ಸುಳ್ಳು ಹೇಳ್ತಿದೆಯೋ ಅನ್ನೋದೂ ಗೊತ್ತಾಗುತ್ತೆ. ಬರದವರು ವಾಚು ಹೇಳಿದ್ದನ್ನ ಕೇಳಬೇಕು.

ಇವೆಲ್ಲ ಹೋಗಲಿ, ತಮಾಷೆ ಅಂದ್ಕೊಳ್ಳಿ. ನಗುವ ಹಾಗಿಲ್ಲದ್ದು ಬಿರುಮಳೆಯ ಅಲಾರಂ.

ಈ ಅಲಾರಂ ಕೆಲಸ ಮಾಡೋ ರೀತಿ ಸರಳ. ಕೆಲವು ವಾಚುಗಳಲ್ಲಿ ಮೂರು ಗಂಟೆಯೊಳಗೆ ಒತ್ತಡ 4 ಹೆಕ್ಟೋಪಾಸ್ಕಲ್ ಇಳಿದರೆ ಅದು ಕೂಗುತ್ತೆ. ಯುರೋಪಿನ ಕಡೆ ನೂರಾರು ಮೈಲಿ ಉದ್ದದ ಹವೆಯ ಪಟ್ಟಿಗಳು ಗಂಟೆಗಟ್ಟಲೆ ಸರಿದು ಬರುತ್ತವಲ್ಲ, ಅಲ್ಲಿಗೆ ಈ ಲೆಕ್ಕ ಒಪ್ಪುತ್ತೆ. ನಮ್ಮ ಏಪ್ರಿಲ್-ಮೇ ತಿಂಗಳ ಮಳೆ ಹಾಗೆ ಬರಲ್ಲ. ಅಶ್ವಿನಿ, ಭರಣಿ ಮಳೆ ಅಂತ ನಾವು ಕರೆಯೋದು ಬೆಳಗ್ಗೆಯಿಂದ ಕಾದ ನೆಲದ ಮೇಲೆ ಮಧ್ಯಾಹ್ನ ಹುಟ್ಟುತ್ತೆ. ಹೂಕೋಸಿನ ಹಾಗೆ ಮೋಡ ಎದ್ದು, ಒಂದೆರಡು ಗಂಟೆಯೊಳಗೆ ಕಪ್ಪಾಗಿ, ತಣ್ಣನೆ ಗಾಳಿ ನುಗ್ಗಿ, ಗುಡುಗು ಸಿಡಿಲು ಶುರು. ಆ ತಣ್ಣನೆ ಗಾಳಿ ಬರುವಾಗ ಒತ್ತಡ ಇಳಿಯೋ ಬದಲು ದಿಢೀರಂತ ಏರೋದೇ ಹೆಚ್ಚು. ಹಾಗಾಗಿ ಅಲಾರಂ ಸುಮ್ಮನಿದೆ ಅಂದ ಮಾತ್ರಕ್ಕೆ ಸಿಡಿಲು ಬರಲ್ಲ ಅಂತಲ್ಲ. ಸಿಡಿಲಿಗೆ ಕರ್ನಾಟಕದಲ್ಲಿ ಪ್ರತಿ ವರ್ಷ ಜನ ಸಾಯ್ತಾರೆ, ಬಹುಪಾಲು ಹೊಲದಲ್ಲಿ, ಬಯಲಲ್ಲಿ ಇದ್ದವರು. ಶಿವಗಂಗೆಯ ಮೇಲ್ಭಾಗ ಬಯಲಿಗಿಂತ ಕಷ್ಟ. ಮರ ಇಲ್ಲ, ಮರೆ ಇಲ್ಲ, ಕೈಯಲ್ಲಿ ಉದ್ದಕ್ಕೂ ಕಬ್ಬಿಣದ ಕಂಬಿ, ಕಾಲಡಿ ನೆನೆದ ಬಂಡೆ.

ದಾರಿಯಲ್ಲಿ ಮಜ್ಜಿಗೆ, ಸೌತೆಕಾಯಿ ಇಟ್ಕೊಂಡು ಕೂತಿರೋ ಅಮ್ಮ "ಮಳೆ ಬರಂಗೈತೆ, ಬಿರ್ರನೆ ಇಳ್ಕಂಬುಡಿ" ಅಂತಾರೆ. ನಾವು ಮಣಿಕಟ್ಟು ನೋಡ್ಕೋತೀವಿ. ವಾಚು ಸುಮ್ಮನಿದೆ, ಆಂಟಿಗೇನು ಗೊತ್ತು ಅಂದ್ಕೊಂಡು ಮೇಲಕ್ಕೆ ಹೋಗ್ತೀವಿ. ನನಗೆ ಸಿಟ್ಟು ಬರೋದು ಇಲ್ಲಿ. ಆ ಅಮ್ಮ ಮೋಡದ ಬುಡ ನೋಡಿದ್ದಾರೆ, ಗಾಳಿ ತಿರುಗಿದ್ದು ನೋಡಿದ್ದಾರೆ, ಇದೇ ಬೆಟ್ಟದ ಮೇಲೆ ಎಷ್ಟೋ ಬೇಸಿಗೆ ಕೂತಿದ್ದಾರೆ. ಸಾಫ್ಟ್‌ವೇರಿನ ಭಾಷೆಯಲ್ಲೇ ಹೇಳೋದಾದ್ರೆ, ಅವರ ಡೇಟಾ ಈ ಬೆಟ್ಟದ್ದು. ನಿಮ್ಮ ವಾಚಿನ ಲೆಕ್ಕ ಬೇರೆ ಯಾವುದೋ ದೇಶದ್ದು. ಟೆಸ್ಟಿಂಗ್ ಒಂದು ಕಡೆ ಮಾಡಿ ಇನ್ನೊಂದು ಕಡೆ ಓಡಿಸಿದ ಕೋಡನ್ನ ನಾವು ಆಫೀಸಿನಲ್ಲಿ ನಂಬ್ತೀವಾ?

ಇಷ್ಟು ಹೇಳಿದ ಕೂಡಲೇ ಇನ್ನೊಂದು ಗುಂಪು ಚಪ್ಪಾಳೆ ಹೊಡೆಯುತ್ತೆ: "ಸರಿಯಾಗಿ ಹೇಳಿದ್ರಿ, ನಮ್ಮ ತಾತ ನೆರಳು ನೋಡಿ ಟೈಮ್ ಹೇಳ್ತಿದ್ರು, ಅವರಿಗೆ ವಾಚೇ ಬೇಕಿರಲಿಲ್ಲ!" ಕ್ಷಮಿಸಿ, ನಾನು ಆ ಗುಂಪಿನವನಲ್ಲ. ಹಳ್ಳಿಯಲ್ಲಿ ಬೆಳೆದವನು ನಾನು. ಹಳ್ಳಿಯವರಿಗೆ ವಾಚು ಬೇಡ ಅನ್ನೋದು ಪೇಟೆಯ ಕಲ್ಪನೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚು ಮಾಡೋಕೆ ಶುರು ಮಾಡಿತು. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು, ಶಿವಗಂಗೆಯಿಂದ ಬಹಳ ದೂರವೇನಲ್ಲ. ಮದುವೆ ಗಂಡಿಗೆ ಎಚ್‌ಎಂಟಿ ವಾಚು ಕೊಡಿಸೋದು ಈ ಸೀಮೆಯಲ್ಲಿ ಮರ್ಯಾದೆಯ ವಿಷಯ ಆಗಿತ್ತು. 2016ರಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚು ಕಂಪನಿಯನ್ನ ಮುಚ್ಚೋ ತೀರ್ಮಾನ ತಗೊಳ್ತು.

ಆ ಎಚ್‌ಎಂಟಿ ಜನತಾಕ್ಕೆ ದಿನಾ ಕೀ ಕೊಡಬೇಕಿತ್ತು. ಕೀ ಕೊಡದಿದ್ದರೆ ನಿಲ್ಲುತ್ತೆ. ದಿನಕ್ಕೆ ಒಂದಿಷ್ಟು ಹಿಂದೆ ಮುಂದೆ ಓಡುತ್ತೆ ಅನ್ನೋದೂ ಕಟ್ಟಿಕೊಂಡವರಿಗೆ ಗೊತ್ತಿತ್ತು, ಅದಕ್ಕೆ ಆಕಾಶವಾಣಿಯ ವಾರ್ತೆ ಹೊತ್ತಿಗೆ ಮುಳ್ಳು ಸರಿಮಾಡ್ಕೊಳ್ಳೋರು. ಅಂದ್ರೆ ಯಂತ್ರ ತಪ್ಪುತ್ತೆ, ತಿದ್ದೋದು ನನ್ನ ಕೆಲಸ ಅನ್ನೋ ತಿಳುವಳಿಕೆ ಕಟ್ಟಿಕೊಂಡವರಲ್ಲಿತ್ತು. ಇವತ್ತಿನ ವಾಚಿಗೂ ಕೀ ಕೊಡಬೇಕು. ಅದರ ಹೆಸರು ಕ್ಯಾಲಿಬ್ರೇಷನ್ ಅಂತಾಗಿದೆ, ಅಷ್ಟೇ. ಬ್ಯಾಟರಿ ಇರೋವರೆಗೆ ಅಂಕಿ ತೋರಿಸ್ತಾನೇ ಇರೋದ್ರಿಂದ ಕೀ ಕೊಟ್ಟಿಲ್ಲ ಅನ್ನೋದೇ ನಮಗೆ ತಿಳಿಯಲ್ಲ. ನಿಂತ ವಾಚು ಕನಿಷ್ಠ ನಿಂತಿದ್ದೀನಿ ಅಂತ ಹೇಳುತ್ತಿತ್ತು.

ಹಾಗಾದ್ರೆ ಏನು ಮಾಡೋಣ? ವಾಚು ಬಿಸಾಕೋದು ಬೇಡ. ಹತ್ತೋಕೆ ಮುಂಚೆ ಬುಡದಲ್ಲಿ ನಕ್ಷೆಯ ಎತ್ತರ ನೋಡಿ ವಾಚಿಗೆ ಹಾಕಿ. ದಿಕ್ಕು ನೋಡುವಾಗ ಕಂಬಿಯಿಂದ ನಾಲ್ಕು ಹೆಜ್ಜೆ ದೂರ ನಿಲ್ಲಿ. ಉಷ್ಣಾಂಶ ಬೇಕಿದ್ದರೆ ವಾಚು ಬಿಚ್ಚಿ ನೆರಳಲ್ಲಿ ಅರ್ಧ ಗಂಟೆ ಇಡಿ. ಕಟ್ಟಿಕೊಂಡೇ ನೋಡಿದರೆ ಅದು ನಿಮ್ಮ ಮೈಬಿಸಿಯನ್ನೂ ಸೇರಿಸಿ ಹೇಳುತ್ತೆ. ಸೂರ್ಯಾಸ್ತದ ಸಮಯ ತೋರಿಸೋ ಪುಟ ಒಂದಿದೆ, ಬಹಳ ಜನ ಅದನ್ನ ತೆರೆದೇ ಇರಲ್ಲ. ಡಿಸೆಂಬರಿನಲ್ಲಿ ಇಲ್ಲಿ ಆರು ಗಂಟೆಗೆಲ್ಲ ಸೂರ್ಯ ಮುಳುಗಿರುತ್ತೆ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ವಾಪಸ್ ಹೊರಡೋ ಹೊತ್ತಿಗೆ ಅಲಾರಂ ಇಡಿ. ಅದು ಸುಳ್ಳು ಹೇಳದ ಅಲಾರಂ. ಆಫೀಸಿನ ಮೆಸೇಜು ಬರೋದನ್ನ ಕೆಳಗೇ ಬಂದ್ ಮಾಡಿ. ಒಂದು ಕಾಲು ಮೆಟ್ಟಿಲ ಮೇಲೆ ಇರುವಾಗ ಮಣಿಕಟ್ಟು ನಡುಗಿಸೋ ಅಧಿಕಾರ ಯಾವ ಮ್ಯಾನೇಜರಿಗೂ ಕೊಡಬೇಡಿ.

ಕೊನೆಯದಾಗಿ, ಆ ದೊಡ್ಡ ವಾಚಿನಲ್ಲಿ ಪ್ರಾಣ ಉಳಿಸಬಲ್ಲ ಒಂದು ಸೌಲಭ್ಯ ಇದೆ, ಸ್ಟಾಪ್‌ವಾಚು. ಮಿಂಚು ಕಂಡ ಕೂಡಲೇ ಒತ್ತಿ, ಗುಡುಗು ಕೇಳಿದಾಗ ನಿಲ್ಲಿಸಿ. ಬಂದ ಸೆಕೆಂಡನ್ನ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರ ಬಿತ್ತು ಅಂತ ಗೊತ್ತಾಗುತ್ತೆ. ಮೂವತ್ತು ಸೆಕೆಂಡಿಗಿಂತ ಕಡಿಮೆ ಬಂದರೆ ಫೋಟೊ, ವಿಡಿಯೊ ಎಲ್ಲ ಬಿಟ್ಟು ಇಳಿಯಿರಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗೋವರೆಗೆ ಮತ್ತೆ ಹತ್ತಬೇಡಿ. ಮಜ್ಜಿಗೆ ಅಮ್ಮ ಅದಕ್ಕೂ ಮೊದಲೇ ಇಳೀರಿ ಅಂದರೆ, ಸ್ಟಾಪ್‌ವಾಚು ಕೂಡ ಬೇಡ. ಇಳೀರಿ.